ಸೆರಗಿಲ್ಲದ ಗೌನು, ಕಾಲ್ಕಡಿ ಸಲೈನು

ನಮ್ಮ ಅಕ್ಕಲಕೋಟ ಗಲ್ಲ್ಯಾಗ ಯಾರ ಮನ್ಯಾಗ ಏನ ಆದ್ರೂ ಮೊದಲ ನನಗ ಗೊತ್ತಾಗತದ, ಆಮ್ಯಾಲ ಆ ಮನಿಯವ್ರಿಗೆ. ಕನ್ನಡ ಸಾಲಿ ಮೂರನೇತ್ತೆ ತನಕ ಕಲ್ತೀನಿ, ಉಳದದ್ದೆಲ್ಲ ಕಟ್ಟಿ ಮ್ಯಾಲ ಕುಂತು ಕಲ್ತದ್ದು. ದಿನಾ ಒಬ್ಬರದಲ್ಲ ಒಬ್ಬರದು ಪಜೀತಿ ಆಗೇ ಆಗತದ, ನಾ ಹೇಳೇ ಹೇಳತೀನಿ. ಈ ಸಲ ಪಾಳಿ ನಂದು. ಬ್ಯಾರೆಯವ್ರು ಹೇಳಿದ್ರ ಕೆಡಿಸಿ ಇಡತಾರ, ಅದಕ್ಕ ನಾನ ಹೇಳತೀನಿ.

೧. ಕಣ್ಣಿನ ತಪಾಸಣಿ

ಎರಡ ತಿಂಗಳದಿಂದ ನನಗ ತಾಸಿಗಿ ನಾಕ ಸಲ ಒಂದಕ್ಕ ಹೋಗಬೇಕು, ಹೋದ್ರ ಉರಿ. ಒಂದ ದಿನ ಕೆಂಪಗ ಹೋತು. ಒಳಗ ಗಂಟಗಿಂಟ ಆಗಿದ್ರ ಏನ ಗತಿ ಅಂತ ಸೊಸಿ ಒಬ್ಬಾಕಿಗೆ ಹೇಳಿದ್ನಿ. "ಸೋಲಾಪುರಕ್ಕ ಹೋಗೂಣು. ಆದ್ರ ಗಲ್ಲಿಗಿ ಗೊತ್ತಾಗಬಾರದು, ಎದುರು ಮನಿಯಾಕಿಗೆ ಅಂತೂ ಸತ್ರೂ ಗೊತ್ತಾಗಬಾರದು" ಅಂದ್ನಿ.

ಕಾರಣ ಅದ. ಹೋದ ವರ್ಷ ಎದುರು ಮನಿಯಾಕಿಗೆ ಮೂತ್ರದಾಗ ಹರಳಾಗಿ ನಳಿಗಿ ಹಾಕಿದ್ರು. ಆ ಸುದ್ದಿ ನಾನ ಹೊತ್ತು ಚಪಳಗಾಂವ ತನಕ ಮುಟ್ಟಿಸೀನಿ. "ನಳದ ಬಾಯಿ" ಅಂತ ಹೆಸರೂ ನಾನ ಇಟ್ಟೀನಿ. ಇವತ್ತಿಗೂ ಅಲ್ಲಿ ಮಂದಿ ಹಂಗ ಕರೀತಾರ.

ಅದಕ್ಕ ಗಲ್ಲಿಗೆಲ್ಲ "ಕಣ್ಣು ಮಂಜಾಗ್ಯಾವ, ತಪಾಸಣಿ ಮಾಡಸಾಕ ಹೊಂಟೀನಿ" ಅಂದ್ನಿ. ಬಸ್ಸಿನ್ಯಾಗ ಕಂಡಕ್ಟರಗೂ ಅದನ್ನ ಹೇಳಿದ್ನಿ. ಅಂವ ಪಾಪ ಕೈ ಹಿಡದು ಸೀಟಿಗಿ ಕುಂಡರಿಸಿದ. ವಳಸಂಗ ದಾಟತಿದ್ದಂಗ ನನಗ ತಡಿಲಿಲ್ಲ. "ನಿಲ್ಲಸಪಾ!" ಅಂತ ಒದರಿ ಇಳದು ಓಡಿದ್ನಿ. ತಿರುಗಿ ಬಂದಾಗ ಕಂಡಕ್ಟರ್ ಬಾಗಲದಾಗ ನಿಂತು ಅಂದ:

"ಆಜಿ, ನನಗ ಕಾಣಲಾರದ ಜಾಲಿ ಗಿಡ ನಿಮ್ಮ ಮಂಜುಗಣ್ಣಿಗಿ ಎಷ್ಟ ಲಗೂ ಕಂಡ್ತರಿ!"

೨. ತಾಕತ್ತಿನ ನೀರು

ಸೋಲಾಪುರದ ದವಾಖಾನ್ಯಾಗ ಡಾಗ್ಟರ್ ಭಾಳ ಚಂದ ತಿಳಿಸಿದ್ರು. "ಮೂತ್ರದ ಚೀಲ ಅಂದ್ರ ಮುದುಡಿದ ಬಲೂನ್ ಇದ್ದಂಗ, ಆಜಿ. ಸಣ್ಣ ನಳಿಗಿ ತುದಿಗೆ ಕ್ಯಾಮೆರಾ ಇರತದ. ನೀರು ಬಿಟ್ಟು ಚೀಲ ಅರಳಿಸಿದ್ರ ಒಳಗಿನ ಗ್ವಾಡಿ ಕಾಣತದ."

ನಾ ಅರ್ಧಾ ಕೇಳಿದ್ನಿ. ಟೇಬಲ್ ಮ್ಯಾಲ ಮಲಗಿದ ನನ್ನ ಲಕ್ಷ್ಯ ಎಲ್ಲಾ ಸ್ಟ್ಯಾಂಡಿಗಿ ತೂಗಬಿಟ್ಟ ಸಲೈನಿನ ಮ್ಯಾಲ. ಇಷ್ಟ ದೊಡ್ಡ ಚೀಲ ನಾ ಜಲ್ಮದಾಗ ನೋಡಿದ್ದಿಲ್ಲ. ನಮ್ಮ ಕಡೆ ಯಾರಿಗಿ ನಿಶ್ಶಕ್ತಿ ಆದ್ರೂ ಒಂದ ಸಲೈನ್ ಹಚ್ಚಸ್ಕೋತಾರ, ಮರುದಿನ ಎದ್ದು ರೊಟ್ಟಿ ಬಡೀತಾರ. ನಾ ಖುಷಿಲೆ ತೋಳ ಏರಿಸಿ ಕೈ ಚಾಚಿದ್ನಿ. ಮಾರಿಗಿ ಮಾಸ್ಕ್ ಕಟ್ಟಿದ ಸಿಸ್ಟರ್ ಸ್ಟ್ಯಾಂಡ್ ಎಳಕೊಂಡು ನನ್ನ ಕಾಲ ಕಡಿ ಹೋದ್ಳು.

"ಏ ತಂಗಿ, ಕೈ ಇಲ್ಲಿ ಅದ."

"ಇದು ಕೈಗಿ ಅಲ್ಲ ಆಜಿ. ಡಾಗ್ಟರ್ ಹೇಳಿದ ನೀರು ಇದ."

"ಅಯ್ಯ, ಇಷ್ಟ ವರ್ಷ ಸಲೈನ್ ಮರ್ಯಾದಿಲೆ ಕೈಯಾಗ ಹೋಗತಿತ್ತು!" ಅಂದ್ನಿ. "ಹೋಗಲಿ, ಮುಗದ ಮ್ಯಾಲ ಉಳದದ್ದರೆ ಕೈಗಿ ಹಚ್ಚರಿ. ಚೆಲ್ಲಬ್ಯಾಡ್ರಿ, ತಾಕತ್ ಬರತದ."

ಡಾಗ್ಟರ್ ನಕ್ಕು ನಕ್ಕು ಕಣ್ಣ ಒರಸ್ಕೊಂಡ್ರು. ಹಂಗಾಗಿ ತೊಳದ ಕೈ ಮತ್ತ ತೊಳಕೋಬೇಕಾತು.

೩. ಗುರ್ತ ಸಿಗಬಾರದಂತ

ಸೀರಿ ಬಿಡಿಸಿ ಹಸರ ಗೌನ್ ಕೊಟ್ಟಿದ್ರು. ಟೇಬಲ್ ಮ್ಯಾಲ ಮೊದಲ ಮಲಗಿಸಿದ್ರು, ಈಗ ಎರಡೂ ಕಾಲು ಎರಡ ಕಡೆ ಎತ್ತಿ ಇಟ್ರು. ನನಗ ಒಂದ ಚಿಂತಿ, ನಮ್ಮ ಕಡಿ ಮಂದಿ ಯಾರರೆ ಇಲ್ಲಿ ಕೆಲಸಕ್ಕಿದ್ರ? ಮಾರಿ ಮುಚ್ಚಕೋಬೇಕಂತ ಸೆರಗು ಹುಡುಕಿದ್ನಿ. ಗೌನಿಗಿ ಎಲ್ಲೀ ಸೆರಗು? ಕೈಗಿ ಸಿಕ್ಕದ್ದು ಗೌನಿನ ಕೆಳಗಿನ ಅಂಚು. ಅದನ್ನ ಜಗ್ಗಿ ಮಾರಿ ಮ್ಯಾಲ ಹಾಕ್ಕೊಂಡು ಗಪ್ ಮಲಗಿದ್ನಿ.

"ಆಜಿ, ಏನ ಮಾಡಾಕತ್ತೀರಿ!" ಅಂತ ಸಿಸ್ಟರ್ ಓಡಿ ಬಂದ್ಳು.

"ಯಾರರೆ ಗುರ್ತ ಹಿಡದಾರು ಅಂತ, ತಂಗಿ."

"ಆಜಿ, ಮಾರಿ ಒಂದ ಬಿಟ್ಟು ಎಲ್ಲಾ ಕಾಣಾಕತ್ತದರಿ!"

೪. ಭರ್ಲಂ ಕಾ?

ಸಿಸ್ಟರ್ ಗೌನ್ ಇಳಿಸಿ ಮಾರಿಗೊಂದ ಅರಿವಿ ಕೊಟ್ಳು. ಜೋಮು ಹಿಡಿಯೂ ಔಷಧ ಹಚ್ಚಿದ್ರು. ಡಾಗ್ಟರ್ ಅಂದ್ರು, "ನೀರು ಬಿಡತೀನಿ. ಚೀಲ ತುಂಬಿದಂಗ ಅನಸಿದ ಕೂಡ್ಲೆ ಹೇಳರಿ." ತಣ್ಣನ ನೀರು ಒಳಗ ಏರಾಕ ಹತ್ತಿತು. ನನಗ ಅಂಜಿಕಿ ಬಂದ್ರ ಬಾಯಿ ನಿಲ್ಲೂದಿಲ್ಲ. ಸಿಸ್ಟರಿಗಿ ಕಥಿ ಚಾಲೂ ಮಾಡಿದ್ನಿ.

"ನಮ್ಮ ಎದುರು ಮನಿಯಾಕಿ ಗುರುವಾರ ಕಡಕ್ ಉಪವಾಸ ಮಾಡತಾಳ. ಸಾಬುದಾಣಿ ಸುದ್ದಾ ಮುಟ್ಟೂದಿಲ್ಲಂತ ಗಲ್ಲಿಗೆಲ್ಲ ಸಾರತಾಳ. ಒಂದ ಗುರುವಾರ ನಾ ದುಧನಿ ಸ್ಟೇಷನ್ನಿನ್ಯಾಗ ಇಳದೀನಿ, ಹೊರಗ ತಿನಿಸಿನ ಗಾಡಿ ಮುಂದ ಈಕಿ ನಿಂತಾಳ! ಬಾಜೂಕ ಒಂದ ಹುಡಗಿ, ಬೆನ್ನ ನನ್ನ ಕಡಿ. ಪ್ಲೇಟಿನ್ಯಾಗ ಏನಿತ್ತು ಹೇಳು ನೋಡೂಣು?"

"ಆಜಿ, ಭರ್ಲಂ ಕಾ?" ಅಂತ ಡಾಗ್ಟರ್ ಮರಾಠಿಯಾಗ ಕೇಳಿದ್ರು, ತುಂಬಿತೇನ ಅಂತ.

ನಾ ಕೈ ಎತ್ತಿ ತಡೀರಿ ಅಂತ ಸನ್ನಿ ಮಾಡಿದ್ನಿ.

"ಏನಿತ್ತು?" ಸಿಸ್ಟರ್ ದನಿ ಸಣ್ಣಾಗಿತ್ತು.

"ಸಂದಿಗಿ ಸರದು ಇಣಕಿದ್ನಿ..."

"ಆಜಿ! ಭರ್ಲಂ ಕಾ?"

"ಡಬಲ್ ಆಮ್ಲೆಟ್!" ಅಂತ ನಾ ಒದರೂದೂ, ಒಳಗಿನ ನೀರು ಹೊರಗ ಜಿಗಿಯೂದೂ ಒಂದ ಆತು. ಡಾಗ್ಟರ ಚಪ್ಪಲ್ ತೊಯ್ದು ಪಚಕ್ ಪಚಕ್ ಅಂದ್ವು.

"ಯಾವಾಗ ತುಂಬಿತ್ತು, ಆಜಿ?"

"ಉಪವಾಸ ಅಂದಾಗನ ತುಂಬಿತ್ತರಿ. ಆದ್ರ ಕಥಿ ಅರ್ಧಾಕ್ಕ ಹೆಂಗ ಬಿಡೂದು?"

ಡಾಗ್ಟರ್ ಮತ್ತ ನೀರು ಬಿಟ್ಟು ಎಲ್ಲಾ ಕಡಿ ನೋಡಿದ್ರು. "ಗಂಟಿಲ್ಲ, ಏನಿಲ್ಲ. ಬರೇ ಉರಿಯೂತ. ಗುಳಿಗಿ ತಗೋರಿ, ದಿನಾ ಮೂರ ಲೀಟರ್ ನೀರು ಕುಡೀರಿ." ನನ್ನ ಮಾರಿ ಮ್ಯಾಲಿನ ಅರಿವಿ ತೊಯ್ತು. ಆ ನೀರು ಮಾತ್ರ ಸಲೈನಿಂದಲ್ಲ.

ಡಾಗ್ಟರ್ ಹೊರಗ ಹೋದ ಮ್ಯಾಲ ಸಿಸ್ಟರ್ ಮಾಸ್ಕ್ ತೆಗದ್ಳು. "ಆಜಿ, ಆವತ್ತ ಬೆನ್ನ ಮಾಡಿ ನಿಂತ ಹುಡಗಿ ನಾನ. ನಿಮ್ಮ ಎದುರು ಮನಿಯಾಕಿ ನಮ್ಮವ್ವನ ತಂಗಿ. ಆಮ್ಲೆಟ್ ಕೊಡಸಿದ್ದೂ ನಾನ."

ನನಗ ಟೇಬಲ್ ಸಮೇತ ಭೂಮಿಯಾಗ ಇಳದು ಹೋಗಬೇಕು ಅನಸಿತು.

"ನಿಮ್ಮದು ನಾ ಯಾರ ಮುಂದೂ ಹೇಳೂದಿಲ್ಲ, ಅದು ನಮ್ಮ ಕೆಲಸದ ನೇಮ. ನೀವೂ ಆಕಿಂದು ಬಾಯಿ ಬಿಡಬ್ಯಾಡ್ರಿ."

ಮನಿದೇವ್ರು ಬೀರೋಬಾನ ಆಣಿ ಮಾಡಿದ್ನಿ, ಬಾಯಿ ಬಿಡೂದಿಲ್ಲಂತ. ಬರಿಯೂದಿಲ್ಲಂತ ಮಾಡಿಲ್ಲ. ನಮ್ಮ ಗಲ್ಲ್ಯಾಗ ಕನ್ನಡ ಮಾತಾಡತಾರ ಎಲ್ಲಾರೂ, ಆದ್ರ ಕಲ್ತದ್ದು ಮರಾಠಿ ಸಾಲಿ, ಓದಾವ್ರು ಯಾರದಾರ?

೫. ಗುರುವಾರದ ತಂಬಿಗಿ

ಆವತ್ತೂ ಗುರುವಾರನ. ಮನಿ ಮುಟ್ಟಿದ್ರ ಗಲ್ಲಿಗಿ ಗಲ್ಲೀನ ನಮ್ಮ ಕಟ್ಟಿ ಮ್ಯಾಲ. ಎದುರು ಮನಿಯಾಕಿ ಮುಂದ, ಕೈಯಾಗ ನೀರಿನ ತಂಬಿಗಿ.

"ಬಾ ವೈನಿ. ಕಣ್ಣು ಹೆಂಗದಾವ? ಕಣ್ಣಿಗಿ ಕೆಳಗಿಂದ ನೀರು ಬಿಟ್ರಂತಲ್ಲ!"

ನಾ ತಿರುಗಿ ಸೊಸಿ ಕಡಿ ನೋಡಿದ್ನಿ. ಸೊಸಿ ಮೊಬೈಲ್ ಬೆನ್ನ ಹಿಂದ ಬಚ್ಚಿಟ್ಟು ಮಾಳಗಿ ನೋಡಾಕತ್ತಳು. ದವಾಖಾನಿ ಹೊರಗ ಬೆಂಚಿನ ಮ್ಯಾಲ ಕುಂತು ಊರಿಗೆಲ್ಲ ಫೋನ್ ಹಚ್ಯಾಳ!

ಅಷ್ಟಾದ್ರೂ ತಡಕೋತಿದ್ನಿ. ಆದ್ರ ಎದುರು ಮನಿಯಾಕಿ ಮತ್ತ ಅಂದ್ಳು, "ಪಾಪ, ಒಂದ ಮಾತಾಡಲಿಲ್ಲಂತ, ಐದ ಮಿನಿಟು ಗಪ್ ಚುಪ್ ಮಲಗಿದ್ದ್ಯಂತ."

ಗಪ್ ಚುಪ್? ನಾ? ಇಷ್ಟ ಚಂದದ ಪಜೀತಿ ಇಷ್ಟ ಸಪ್ಪಗ ಹೇಳೂದಾ? ನನಗ ತಡಿಲಿಲ್ಲ. ಕಟ್ಟಿ ಮ್ಯಾಲ ಕುಂತು ನಾನ ಎಲ್ಲಾ ಹೇಳಿದ್ನಿ: ಜಾಲಿ ಗಿಡ, ಚಾಚಿದ ಕೈ, ಗೌನಿನ ಸೆರಗು, ಭರ್ಲಂ ಕಾ, ಡಾಗ್ಟರ ಚಪ್ಪಲ್. ಮಂದಿ ಹೊಟ್ಟಿ ಹಿಡಕೊಂಡು ಬಿದ್ರು. ಎದುರು ಮನಿಯಾಕಿ ಕಣ್ಣ ಒರಸ್ಕೋತ ಕೇಳಿದ್ಳು:

"ಖರೆ ಹೇಳು ವೈನಿ, ಚೀಲ ತುಂಬಿದ್ದೂ ಮರತಿ ಅಂದ್ರ, ಅಂಥಾದೇನ ಕಥಿ ಹೇಳಾಕತ್ತಿದ್ದಿ?"

ಎಲ್ಲಾರೂ ನನ್ನ ಬಾಯಿ ನೋಡಾಕತ್ತರು. ಇಂಥಾ ಮಂದಿ, ಇಂಥಾ ಕಥಿ, ಇಂಥಾ ಗುರುವಾರ ಒಂದ ಕಡಿ ಕೂಡಿದ್ದು ನನ್ನ ಜಲ್ಮದಾಗ ಇದ ಮೊದಲು. ಆಮ್ಲೆಟ್ ನಾಲಿಗಿ ತುದಿಗಿ ಬಂದು ಕುಂತದ. ಮ್ಯಾಲ ಬೀರೋಬಾ ನೋಡಾಕತ್ತಾನ.

ಆಕಿ ಕೈಯಾಗಿನ ತಂಬಿಗಿ ಕಸಗೊಂಡು ಗಟಾಗಟಾ ಕುಡದ್ನಿ.

"ಹೇಳು ವೈನಿ!"

"ಇನ್ನೊಂದ ತಾ."

ಕುಡದ್ನಿ. ಮಂದಿ ಕದಲಲಿಲ್ಲ. ಮತ್ತೊಂದ ತರಿಸಿದ್ನಿ. ಡಾಗ್ಟರ್ ಇಡೀ ದಿನಕ್ಕ ಹೇಳಿದ ನೀರು ನಾ ಒಂದ ಬೈಠಕಿನ್ಯಾಗ ಮುಗಿಸಿದ್ನಿ, ಬಾಯಿ ಖಾಲಿ ಬಿಟ್ರ ಏನ ಬರತದೋ ಅಂತ. ಕಡೀಕ ತಂಬಿಗಿ ಒಗದು, ಸೀರಿ ಎತ್ತಿ ಹಿತ್ತಲಕ್ಕ ಓಟ ಕಿತ್ತಿದ್ನಿ.

ಹಿಂದಿಂದ ಉಪವಾಸದಾಕಿ ಒದರಿದ್ಳು:

"ಭರ್ಲಂ ಕಾ, ವೈನಿ?"