ಡಾನ್ಸ್ ಟೀಚರ ಸವೆದ ಡಿಸ್ಕು

ಮಲೇಶಿಯಾದ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಬೆನ್ನುಮೂಳೆಯ ಡಾಕ್ಟರಾಗಿರುವ ನನಗೆ ಒಂದು ಮಾತು ಖಾತ್ರಿಯಾಗಿದೆ. ಬೆನ್ನುನೋವಿನವರು ನಗಿಸುವಷ್ಟು ಬೆನ್ನು ಗಟ್ಟಿ ಇದ್ದವರು ನಗಿಸುವುದಿಲ್ಲ. ಅದರಲ್ಲೂ ಪೆಟಾಲಿಂಗ್ ಜಯಾದಿಂದ ಬರುತ್ತಿದ್ದ, ನಮ್ಮ ಉಡುಪಿ ಕಡೆಯ ಭರತನಾಟ್ಯದ ಟೀಚರ್.

ಅವರ ಬೆನ್ನಿನ ಕೆಳಭಾಗದ ಡಿಸ್ಕ್ ಸವೆದಿತ್ತು. ಆಪರೇಷನ್ ಮಾಡಿ ಮೂಳೆ ಬೆಸೆದರೆ ಮೊದಲಿನಂತೆ ಬಗ್ಗಲಾಗದು.

"ಕುಣಿಯೋದು ಬಿಡಿ ಅನ್ನೋದೊಂದು ಬಿಟ್ಟು ಏನಾದ್ರೂ ಹೇಳಿ ಡಾಕ್ಟ್ರೇ" ಎಂದರು.

ಸ್ಟೆಮ್ ಸೆಲ್ ಪ್ರಯೋಗ ನಡೆಯುತ್ತಿದೆ, ಗುಣವಾಗುವ ಭರವಸೆ ಕೊಡಲಾರೆ ಎಂದೆ.

"ಭರವಸೆ ನನ್ನ ಹತ್ರ ಇದೆ. ನೀವು ಹೆಸರು ಬರ್ಕೊಳ್ಳಿ."

ಸೆಲ್ಸ್‌ಗೆ ಊಟ

"ನಿಮ್ಮ ಸೊಂಟದ ಮೂಳೆಯ ಮಜ್ಜೆಯಿಂದ ಸೆಲ್ಸ್ ತೆಗೆದು, ಕೌಲಾಲಂಪುರದ ಲ್ಯಾಬಿನಲ್ಲಿ ಬೆಳೆಸಿ, ಡಿಸ್ಕಿಗೆ ಚುಚ್ಚುತ್ತೇವೆ" ಎಂದು ವಿವರಿಸಿದೆ.

"ಬೆಳೆಯೋಕೆ ಅವಕ್ಕೆ ಏನು ಹಾಕ್ತೀರಿ? ನಾನು ಸಸ್ಯಾಹಾರಿ."

ಕೆಲವು ಲ್ಯಾಬಿನವರು ಕರುವಿನ ರಕ್ತದ ಸೀರಂ ಹಾಕುತ್ತಾರೆ ಎಂದುಬಿಟ್ಟೆ. ಟೀಚರ್ ಎದ್ದು ಹೋಗಲು ನೋಡಿದರು, ಬೆನ್ನು ಬಿಡಲಿಲ್ಲ. "ನಮ್ಮಲ್ಲಿ ನಿಮ್ಮದೇ ರಕ್ತದ ಸೀರಂ" ಎಂದು ಅವಸರದಲ್ಲಿ ಸೇರಿಸಿದೆ.

"ಹಾಗೆ ಹೇಳಿ ಮತ್ತೆ. ಮನೆ ಊಟ."

ಟ್ರಾನ್ಸಿಟ್

ಅವರ ಯಜಮಾನರದು ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ. ಇಂಜೆಕ್ಷನ್ ದಿನ ಲ್ಯಾಬಿನ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಟೀಚರ್ ಶಾಂತವಾಗಿ ಮಲಗಿದ್ದರು, ಯಜಮಾನರು ಮಾತ್ರ ಕಾರಿಡಾರಿನಲ್ಲಿ ಶತಪಥ.

"ಎಲ್ಲಿದೆ ಡಾಕ್ಟ್ರೇ?"

"ಹೈವೇಯಲ್ಲಿ. ಜಾಮ್ ಲಾ" ಎಂದೆ, ಇಲ್ಲಿನವರ ಧಾಟಿಯಲ್ಲೇ.

ಅವರು ಒಳಗೆ ಬಂದು ಹೆಂಡತಿಯ ಸೊಂಟಕ್ಕೂ ಬೆನ್ನಿಗೂ ನಡುವೆ ಗೇಣಿಟ್ಟು ತೋರಿಸಿದರು. "ಇಲ್ಲಿಂದ ಇಲ್ಲಿಗೆ ಹೋಗೋಕೆ ಕೌಲಾಲಂಪುರ ಸುತ್ತಿ ಬರಬೇಕಾ? ನಮ್ಮ ಹಡಗೇ ವಾಸಿ."

ಉಪ್ಪುನೀರು

ಇಂಥ ಪ್ರಯೋಗದಲ್ಲಿ ಹೋಲಿಸಿ ನೋಡಲೆಂದು ಲ್ಯಾಬಿನಿಂದ ಕೆಲವರಿಗೆ ಸೆಲ್ಸ್ ಬರುತ್ತವೆ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಕೊನೆಯವರೆಗೆ ನನಗೂ ತಿಳಿಯದು. ಇದನ್ನು ಟೀಚರ್‌ಗೆ ಮೊದಲೇ ಹೇಳಿದ್ದೆ. ಇಂಜೆಕ್ಷನ್ ಆದ ಮೇಲೆ ಎಲ್ಲರಿಗೂ ಹೇಳಿದ ವ್ಯಾಯಾಮವನ್ನು ಅವರು ಹಲ್ಲು ಕಚ್ಚಿ ಮಾಡಿದರು. ನೋವು ಇಳಿಯಿತು. ದೀಪಾವಳಿ ಕಾರ್ಯಕ್ರಮದಲ್ಲಿ ಶಿಷ್ಯೆಯರ ಮುಂದೆ ನಿಂತು, ಅರೆಮಂಡಿಯಲ್ಲಿ ಕೂತು ಎದ್ದು ಕುಣಿದರು. ನನ್ನ ಕಣ್ಣು ತುಂಬಿತು. ಸ್ಟೆಮ್ ಸೆಲ್ಸ್‌ನ ಮಹಿಮೆ ಎಂದುಕೊಂಡೆ.

ಪ್ರಯೋಗ ಮುಗಿದು ಗುಟ್ಟು ಹೊರಬಿತ್ತು. ಅವರನ್ನು ಕರೆಸಿ ಹೇಳಿದೆ. "ಟೀಚರ್, ನಿಮಗೆ ಚುಚ್ಚಿದ್ದು ಉಪ್ಪುನೀರು."

"ನನ್ನ ಸೆಲ್ಸ್ ಏನಾದವು?"

"ಫ್ರೀಜರಿನಲ್ಲಿ ಭದ್ರವಾಗಿವೆ. ಬೇಕಿದ್ದರೆ ಈಗ ಹಾಕಬಹುದು."

ಟೀಚರ್ ನೆಟ್ಟಗೆ ಎದ್ದು ಬ್ಯಾಗು ಹೆಗಲಿಗೇರಿಸಿದರು.

"ಅಲ್ಲೇ ಇರಲಿ ಡಾಕ್ಟ್ರೇ. ಮೊದಲು ಈ ಉಪ್ಪುನೀರು ಖಾಲಿಯಾಗಲಿ."