ಇಂದ್ರನ ಹೆಬ್ಬೆರಳು

ಈ ಸಲ ನಮ್ಮ ಬನಹಟ್ಟಿಯ ಬಸದಿ ಪೂಜೆಗೆ ಇಂದ್ರ ನಾನೇ! ಜಿನನ ಪೂಜೆಗೆ ಕೂರುವ ಇಂದ್ರನೆಂದರೆ ತಲೆಗೆ ಕಿರೀಟ, ಪಕ್ಕದಲ್ಲಿ ಇಂದ್ರಾಣಿಯಾಗಿ ಹೆಂಡತಿ ಕ್ಷಮಾ. ಊರಿಗೆ ಊರೇ ಸರದಿಯಲ್ಲಿ ನಿಂತು ನನ್ನ ಕಾಲಿಗೆ ಬೀಳಬೇಕು! ಇಂಥ ಪದವಿಗೆ ತಕ್ಕ ತ್ಯಾಗ ಬೇಡವೇ? "ಪೂಜಿ ಮುಗಿಯೂತನಕ ಚಹಾ ಮುಟ್ಟೂದಿಲ್ಲ!" ಎಂದು ಘೋಷಿಸಿಬಿಟ್ಟೆ.

ನನ್ನ ಸೀರೆ ಅಂಗಡಿಯ ಎದುರಿಗೇ ನಿಂಗಣ್ಣನ ಕಬ್ಬಿನ ಗಾಣ. ಚಹಾದ ಹೊತ್ತಾದಾಗಲೆಲ್ಲ ಚೊಂಬು ತುಂಬ ಕಬ್ಬಿನ ಹಾಲು ತರಿಸಿದೆ. ತ್ಯಾಗ ಇಷ್ಟು ಸಿಹಿ ಎಂದು ಯಾರಿಗೆ ಗೊತ್ತಿತ್ತು!

ಒಂದು ಬೆಳಗ್ಗೆ ಏಳುತ್ತೇನೆ, ಬಲಗಾಲಿನ ಹೆಬ್ಬೆರಳು ಊದಿ ಕೆಂಡವಾಗಿದೆ! ಹೊದಿಕೆ ತಾಗಿದರೂ ಪ್ರಾಣ ಹೋಗುತ್ತದೆ. "ಉಳುಕೇತಿ, ತಡೀರಿ," ಎಂದು ಕ್ಷಮಾ ಎಣ್ಣೆ ಹಚ್ಚಿ ತಿಕ್ಕಿದಳು. ನಾನು ಚೀರಿದ ರಭಸಕ್ಕೆ ಪಕ್ಕದ ಮನೆಯ ಮಗ್ಗವೇ ನಿಂತಿತು!

ಡಾಕ್ಟರು ಮೈಸೂರು ಕಡೆಯವರು, ಊರಿಗೆ ಹೊಸಬರು. ರಕ್ತ ಪರೀಕ್ಷೆ ಮಾಡಿಸಿ, "ಇದು ಗೌಟ್. ಯೂರಿಕ್ ಆಸಿಡ್ ಜಾಸ್ತಿಯಾಗಿದೆ," ಎಂದರು.

"ಗೌಟ್ ಅಂದ್ರ ಇಂದ್ರ ಔಟ್ ಏನ್ರಿ?"

"ಮಟನ್, ಬಿಯರ್ ಜಾಸ್ತಿಯೇ?"

ಕ್ಷಮಾ ನನ್ನನ್ನು ನೋಡಿದ ನೋಟ!

"ಉಳ್ಳಾಗಡ್ಡಿ ಸೈತ ತಿನ್ನದ ಜೈನರ್ರಿ ನಾವು!"

"ಹಾಗಾದರೆ ಏನು ಕುಡಿಯುತ್ತೀರಿ?"

"ಬರೇ ಹಾಲ್ರಿ."

"ಬಹಳ ಒಳ್ಳೆಯದು! ಮಾತ್ರೆ ತಗೊಳ್ಳಿ. ನೀರು, ಹಾಲು ಚೆನ್ನಾಗಿ ಕುಡಿಯಿರಿ."

ಡಾಕ್ಟರ ಅಪ್ಪಣೆ ಮೀರಲಾದೀತೇ? ನಿಂಗಣ್ಣನಿಗೆ ಹೇಳಿ ಚೊಂಬನ್ನು ಕೊಡ ಮಾಡಿಸಿದೆ. ವಾರದೊಳಗೆ ಎಡಗಾಲಿನ ಹೆಬ್ಬೆರಳೂ ಊದಿತು. ಕ್ಷಮಾ ನನ್ನ ಅಂಗಿ ಮೂಸತೊಡಗಿದಳು. ಬಸದಿಯ ಹಿರಿಯರಾದ ಅಣ್ಣಾಸಾಹೇಬರು ಮನೆಗೇ ಬಂದರು.

"ನೇಮಿರಾಜ, ಇದು ಕುಡಿಯಾವ್ರ ಬ್ಯಾನಿ ಅಂತಲ್ಲೋ? ಖರೆ ಹೇಳು. ಇಲ್ಲಂದ್ರ ಕಿರೀಟ ಬ್ಯಾರೆಯವ್ರಿಗೆ!"

ಇಂದ್ರಪದವಿ ಹೋದರೆ ಹೋಗಲಿ, ಮಾನ? ಅಷ್ಟರಲ್ಲಿ ಬಾಗಿಲಲ್ಲಿ ನಿಂಗಣ್ಣ ಕೊಡ ಹಿಡಿದು ನಿಂತ. "ಸಾವ್ಕಾರ್ರ, ನಿಮ್ಮ ಹಾಲು!"

ಕ್ಷಮಾ ಕೊಡದೊಳಗೆ ಇಣುಕಿದಳು. "ಇದನ್ನೇನ್ರಿ ನೀವು ಡಾಕ್ಟರ್ ಮುಂದ ಹಾಲು ಅಂದಿದ್ದು?"

ಅಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದಳು. "ಅಯ್ಯೋ, ನಾನು ಹೇಳಿದ್ದು ಹಸುವಿನ ಹಾಲು ಕಣ್ರೀ!" ಎಂದು ಅವರು ಕೂಗಿದ್ದು ಅಣ್ಣಾಸಾಹೇಬರಿಗೂ ಕೇಳಿಸಿತು. "ಕಬ್ಬಿನ ಸಿಹಿಯೇ ಯೂರಿಕ್ ಆಸಿಡ್ ಏರಿಸುತ್ತಿರೋದು. ಇವತ್ತೇ ನಿಲ್ಲಿಸಿ!"

ಮಾನ ಉಳಿಯಿತು, ಕಿರೀಟ ಉಳಿಯಿತು. ಪೂಜೆಯ ದಿನಕ್ಕೆ ಊತವೂ ಸ್ವಲ್ಪ ಉಳಿಯಿತು! ಕಾಲನ್ನು ದಿಂಬಿನ ಮೇಲಿಟ್ಟು ಸಿಂಹಾಸನದಲ್ಲಿ ಕುಳಿತೆ. ಜನ ಸರದಿಯಲ್ಲಿ ಬಂದರು. ಮೊದಲನೆಯವನು ಪಾದ ಮುಟ್ಟಿದ್ದೇ ತಡ, "ಯವ್ವಾ!" ಎಂದು ಕಿರುಚಿದೆ. ಕ್ಷಮಾ ಮೈಕು ಕಸಿದುಕೊಂಡಳು.

"ಯಾರೂ ಇಂದ್ರನ ಕಾಲು ಮುಟ್ಟಬ್ಯಾಡ್ರಿ, ಚೀರ್ತಾರ! ಬೀಳಾವ್ರು ಇಂದ್ರಾಣಿ ಕಾಲಿಗೆ ಬೀಳ್ರಿ!"

ಊರಿಗೆ ಊರೇ ಬಿತ್ತು. ನಾನೂ ಬೀಳುತ್ತಿದ್ದೆ, ಕಾಲೂರಲು ಬಂದಿದ್ದರೆ!