ವ್ಯಾನಿನ ಜಾಲರಿಗೆ ತುರುಕಿದ ಪಂಚೆ

ಮೊಮ್ಮಗು ಹುಟ್ಟಿದ ಮೇಲೆ ಮನುಷ್ಯನ ತಲೆ ಸ್ವಲ್ಪ ಸಡಿಲವಾಗುತ್ತದೆ. ಬೇರೆಯವರದ್ದು ಗೊತ್ತಿಲ್ಲ, ನನ್ನದಂತೂ ಆಗಿದೆ. ಮಗಳು ರೇವತಿಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ನಿಲಾ ಹುಟ್ಟಿದಳು. ಅವಳಿಗೆ ಮೊದಲ ಹಲ್ಲು ಬಂದದ್ದನ್ನು ನಾನು ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ಮುಖಪರಿಚಯವೂ ಇಲ್ಲದ ಕಂಡಕ್ಟರಿಗೆ ಹೇಳಿದ್ದೇನೆ. ಅವರು ಒಳಕ್ಕೆ ಹೋಗಿ ನಿಲ್ಲಿ ಎಂದರು. ಒಳಕ್ಕೆ ಹೋಗಿ ನಿಂತು ಪಕ್ಕದವರಿಗೆ ಹೇಳಿದೆ. ಇಷ್ಟು ಪ್ರೀತಿ ಇರುವವನ ಕೈಯಿಂದ ಮಗುವಿಗೆ ಕೆಡುಕಾಗುವುದುಂಟೇ ಎಂದು ನೀವು ಕೇಳಬಹುದು. ನಾನೂ ಹಾಗೇ ನಂಬಿದ್ದೆ.

ನನ್ನ ಅಳಿಯ ಸೆಂದಿಲ್‌ಗೆ ಪೋತ್ತನೂರಿನಲ್ಲಿ ವ್ಯಾನುಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪ್ ಇದೆ. ಮಗು ಹುಟ್ಟಿದ ಸಂತೋಷಕ್ಕೆ ನಾನು ಊರೆಲ್ಲ ಮಾತಾಡಿದೆ, ಅವನು ಮಾತಾಡದೆ ಒಂದು ಹಳೆ ವ್ಯಾನನ್ನು ಮನೆ ಮಾಡಿದ. ಮಂಚ, ಒಲೆ, ಬಚ್ಚಲು, ಬಚ್ಚಲ ಗೋಡೆಗೆ ಗ್ಯಾಸ್ ಗೀಸರ್. ಮೊದಲ ಪ್ರಯಾಣ ಬೆಟ್ಟದ ಮೇಲಿನ ವಾಲ್ಪಾರೈಗೆ. ಹೊರಡುವ ಮುಂಚೆ ಅವನು ನನ್ನನ್ನು ನಿಲ್ಲಿಸಿಕೊಂಡು ಗೀಸರಿನ ಪಾಠ ಹೇಳಿದ. ನೀರು ತುಂಬಿದೆಯೇ ನೋಡಿ ಹಚ್ಚಬೇಕು. ವ್ಯಾನು ಓಡುವಾಗ ಗ್ಯಾಸ್ ಮುಚ್ಚಿರಬೇಕು. ನೆಲದ ಹತ್ತಿರ ಒಂದು, ಮೇಲೆ ಒಂದು ಜಾಲರಿ ಇದೆ, ಉರಿಯುವಾಗ ಎರಡೂ ತೆರೆದಿರಬೇಕು. ಗಾಳಿ ಸಾಲದಿದ್ದರೆ ವಾಸನೆಯೇ ಇಲ್ಲದ ವಿಷದ ಹೊಗೆ ತುಂಬುತ್ತದೆ. ಆಗ ಈ ಬಿಳಿ ಡಬ್ಬಿ ಕೂಗುತ್ತದೆ, ಗ್ಯಾಸ್ ಮುಚ್ಚಿ ಎಲ್ಲರೂ ಹೊರಗೆ ಬಂದುಬಿಡಬೇಕು. "ಪುರಿಞ್ಚ್‌ತಾ ಮಾಮ?" ಅಂದ, ಅರ್ಥವಾಯಿತೇ ಎಂದು ತಮಿಳಿನಲ್ಲಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ನೇಯಲು ಮಗ್ಗದ ಗುಂಡಿಗೆ ಇಳಿದವನು ನಾನು. ಅರ್ಥವಾಗದಿದ್ದರೂ ತಲೆಯಾಡಿಸುವುದು ಅಂದಿನಿಂದ ಬಂದ ಅಭ್ಯಾಸ. ಆಡಿಸಿದೆ. ಆ ಹೊತ್ತಿನಲ್ಲಿ ನಿಜವಾಗಿ ನಾನು ಮಗುವಿನ ಎರಡನೇ ಹಲ್ಲು ಹುಡುಕುತ್ತಿದ್ದೆ.

ವಾಲ್ಪಾರೈಯಲ್ಲಿ ಬೆಳಗಿನ ಚಳಿ ಬೆರಳು ಮಡಿಸಲು ಬಿಡದಂಥದು. ಮಗಳೂ ಅಳಿಯನೂ ಟೀ ಕುಡಿಯಲು ಹೋದರು. ನನ್ನ ಹೆಂಡತಿ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದಳು. ನಾನು ಗೀಸರ್ ಹಚ್ಚಿದೆ. ಅಷ್ಟರಲ್ಲಿ ಅವಳು ಎಲ್ಲಿಂದಲೋ ಗಾಳಿ ಬರುತ್ತಿದೆ, ಕೂಸಿಗೆ ಶೀತವಾದೀತು ಎಂದಳು. ಗಾಳಿ ತಡೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರು ಸಿರುಮುಗೈಯಲ್ಲಿ ಇಲ್ಲ. ನೇಯುವವರ ಮನೆಗೆ ಗಾಳಿಯೇ ಶತ್ರು; ಗಾಳಿ ಹೊಡೆದರೆ ಮಗ್ಗದ ಹಾಸುನೂಲು ಒಣಗಿ ಎಳೆ ಪಟಪಟ ಹರಿಯುತ್ತದೆ. ನಲವತ್ತು ವರ್ಷ ಕಿಟಕಿ ಸಂದು, ಬಾಗಿಲ ಸಂದು, ಹೆಂಚಿನ ಸಂದು ಎಲ್ಲಕ್ಕೂ ಬಟ್ಟೆ ಹೆಟ್ಟಿದ ಕೈ ಇದು. ಒಂದು ಹಳೆ ಪಂಚೆ ಹರಿದು ಎರಡು ಭಾಗ ಮಾಡಿ, ಕೆಳಗಿನ ಜಾಲರಿಗೆ ಒಂದು, ಮೇಲಿನದಕ್ಕೆ ಒಂದು, ಒಂದು ಎಳೆಯೂ ಹೊರಗೆ ಕಾಣದಂತೆ ತುರುಕಿದೆ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ದೂರ ನಿಂತು ಒಂದು ಸಲ ನೋಡಿದೆ ಕೂಡ.

ಸ್ನಾನ ಬಹಳ ಹೊತ್ತು ನಡೆಯಿತು. ಮಗು ಅಳಲಿಲ್ಲ. ಮೈ ಒರೆಸಿ ಮಲಗಿಸಿದೊಡನೆ ನಿದ್ದೆ. ಬಿಸಿನೀರಿನ ಗುಣ ನೋಡು ಎಂದು ಹೆಮ್ಮೆಪಟ್ಟೆ. ಆಮೇಲೆ ಹೆಂಡತಿ ತನಗೂ ನಾಲ್ಕು ಚೊಂಬು ಸುರಿದುಕೊಂಡು ಬಂದಳು. ತಲೆ ಸುತ್ತುತ್ತಿದೆ, ವಾಂತಿ ಬರುವ ಹಾಗಿದೆ ಎಂದಳು. ಘಾಟಿಯ ತಿರುವುಗಳ ಸುತ್ತು ಇನ್ನೂ ಇಳಿದಿಲ್ಲ, ಮಲಗು ಎಂದೆ. ಗೀಸರ್ ಆರಿಸುವ ನೆನಪು ಬರಲಿಲ್ಲ. ನನ್ನ ಸ್ನಾನ ಇನ್ನೂ ಬಾಕಿ ಇತ್ತಲ್ಲ. ಆಗ ಆ ಬಿಳಿ ಡಬ್ಬಿ ಕಿರುಚಲು ಶುರುಮಾಡಿತು. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಮಲಗಿದ ಮಗು ಎದ್ದುಬಿಡುತ್ತದಲ್ಲ ಎಂದು ನಾನು ಆ ಡಬ್ಬಿಯನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ದಿಂಬಿನ ಕೆಳಗೆ ಇಟ್ಟು, ದಿಂಬಿನ ಮೇಲೆ ಕೂತೆ.

ಬಾಗಿಲು ಎಳೆದವನು ಸೆಂದಿಲ್. ಒಳಗೆ ನೋಡಿದವನೇ ಮಗುವನ್ನು ಬಾಚಿ ರೇವತಿಯ ಕೈಗೆ ಕೊಟ್ಟ, ಅತ್ತೆಯನ್ನು ಎತ್ತಿ ಹೊರಗೆ ಕೂರಿಸಿದ, ನನ್ನನ್ನು ತೋಳು ಹಿಡಿದು ಎಳೆದ, ಆಮೇಲೆ ಗ್ಯಾಸ್ ಮುಚ್ಚಿದ. ಮಗು ಕಣ್ಣು ಬಿಡಲಿಲ್ಲ. ಹನ್ನೊಂದು ವರ್ಷ ಕಾದದ್ದು ನನಗೆ ಉದ್ದ ಅನ್ನಿಸಿರಲಿಲ್ಲ; ಆ ಒಂದು ನಿಮಿಷ ಅನ್ನಿಸಿತು. ಕೊನೆಗೆ ನಿಲಾ ಒಮ್ಮೆ ಕೆಮ್ಮಿ ಅಳಲು ಶುರುಮಾಡಿದಳು. ಆಸ್ಪತ್ರೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರಿಗೂ ಆಕ್ಸಿಜನ್ ಹಿಡಿದು, ಸಂಜೆಯವರೆಗೆ ಇಟ್ಟುಕೊಂಡು, ಪರವಾಗಿಲ್ಲ ಎಂದು ಕಳಿಸಿದರು.

ಊರಿಗೆ ಬಂದ ಮೇಲೆ ನನ್ನ ಅಕ್ಕ ಅಳಿಯನನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡಳು. "ಕೂಸು ಇರೋ ವಂಡೀಲಿ ಗ್ಯಾಸ್ ಇಡ್ತಾರಾ ಮಾಪ್ಳೆ? ಕೊಂಚಾನೂ ಬುದ್ಧಿ ಬೇಡ್ವಾ?" ಮಗಳೂ ಅವಳ ಜೊತೆ ಸೇರಿದಳು, ಇನ್ನು ಆ ವ್ಯಾನು ಮನೆ ಮುಂದೆ ಬರಬಾರದು ಎಂದಳು. ಪಂಚೆಯ ವಿಷಯ ಅವರಿಬ್ಬರಿಗೂ ಗೊತ್ತಿರಲಿಲ್ಲ. ಅದನ್ನು ಜಾಲರಿಯಿಂದ ಎಳೆದು ತನ್ನ ಚೀಲಕ್ಕೆ ಹಾಕಿಕೊಂಡವನು ಸೆಂದಿಲ್. ಅವನು ನನ್ನ ಕಡೆ ಒಂದು ಸಲ ನೋಡಿದ. "ನಂದೇ ತಪ್ಪು. ಯಾರಿಗೂ ಮುಚ್ಚಕ್ಕಾಗದ ಹಾಗೆ ಜಾಲರಿ ಇಟ್ಟಿರಬೇಕಿತ್ತು" ಅಂದ. ನಾನು ಬಾಯಿ ತೆರೆಯಬೇಕಿತ್ತು. ಮಡಿಲಲ್ಲಿ ನಿಲಾ ಇದ್ದಳು. ಹೇಳಿದರೆ ಮಗುವನ್ನು ನನ್ನಿಂದ ಎತ್ತಿಕೊಂಡುಬಿಡುತ್ತಾರೆ ಎಂದು ಹೆದರಿ ಅವಳ ಅಂಗಿಯ ಗುಂಡಿ ಹಾಕುತ್ತ ಕೂತೆ. ಆ ಅಂಗಿಗೆ ಇದ್ದದ್ದು ಎರಡೇ ಗುಂಡಿ. ವ್ಯಾನು ಈಗ ವರ್ಕ್‌ಶಾಪಿನ ಮೂಲೆಯಲ್ಲಿ ಧೂಳು ಹಿಡಿಯುತ್ತಿದೆ. ಪಂಚೆ ತುರುಕಿದ್ದನ್ನು ಕಂಡಿದ್ದ ಹೆಂಡತಿ ಮೂರು ದಿನ ಅನ್ನದ ತಟ್ಟೆಯನ್ನು ದೂರದಿಂದಲೇ ನನ್ನ ಕಡೆ ತಳ್ಳಿದಳು.

ಬಾಯಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಬರೆದರೆ ಭಾರ ಇಳಿಯುತ್ತದೆ ಎಂದು ಇದನ್ನು ಬರೆದೆ. ಕನ್ನಡದಲ್ಲೇ ಬರೆದೆ. ನಮ್ಮ ಬೀದಿಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುಬರಹವೆಲ್ಲ ತಮಿಳು; ಕನ್ನಡ ಅಕ್ಷರ ಬರುವುದು ಮಾತ್ರ ಕೊಳ್ಳೇಗಾಲದಿಂದ ಬಂದ ನನ್ನ ಹೆಂಡತಿಗೆ, ಅವಳು ಕಲಿಸಿದ್ದರಿಂದ ನನಗೆ. ನನ್ನ ಧೈರ್ಯ ಎಷ್ಟೆಂದು ಇದರಲ್ಲೇ ತಿಳಿಯುತ್ತದೆ. ಅವಳು ಪೂರ್ತಿ ಓದಿ ಕನ್ನಡಕ ತೆಗೆದಳು. "ಭಾನುವಾರ ಅಳಿಯಂದ್ರು ಬರ್ತಾರೆ. ಅವರಿಗೆ ಕನ್ನಡ ಕಣ್ಣಿಗೆ ಬರಲ್ಲ, ಕಿವಿಗೆ ಬರುತ್ತೆ. ಓದಿ ಹೇಳಿ. ನಿಮ್ಮಕ್ಕನ್ನೂ ಕರೀತೀನಿ" ಅಂದಳು. ಓದುವಾಗ ನಿಲಾಳನ್ನು ಮಡಿಲಲ್ಲಿ ಕೂರಿಸಿಕೊಳ್ಳಲೇ ಎಂದು ಕೇಳಿದೆ. ಬೇಡ, ಕಾಗದಕ್ಕೆ ಎರಡು ಕೈಯೂ ಬೇಕು ಎಂದಳು. ಭಾನುವಾರಕ್ಕೆ ಇನ್ನು ಎರಡು ದಿನ. ನಿನ್ನೆಯಿಂದ ಕೂತು ತಿದ್ದುತ್ತಿದ್ದೇನೆ. ನಿಲಾಳ ಹಲ್ಲಿನ ಭಾಗ ಉದ್ದವಾಗುತ್ತಿದೆ, ದಿಂಬಿನ ಮೇಲೆ ಕೂತ ಭಾಗ ಏನು ಮಾಡಿದರೂ ಚಿಕ್ಕದಾಗುತ್ತಿಲ್ಲ.